ಪರಿಚಾರಕನ ವಿದ್ಯೆ: ತುರ್ತು ವೈದ್ಯಸಹಾಯಕನು ಅರಿಯತಕ್ಕ ಶಾಸ್ತ್ರವಿಷಯಗಳು

ಭಾರತೀಯ ವೈದ್ಯಶಾಸ್ತ್ರದ ಆಕರಗ್ರಂಥಗಳಲ್ಲಿ ಒಂದಾದ ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ. ವೈದ್ಯ, ಔಷಧದ್ರವ್ಯ, ಉಪಸ್ಥಾತೃ ಅಂದರೆ ಪರಿಚಾರಕ, ಮತ್ತು ರೋಗಿ ಎಂಬಿವೇ ಆ ನಾಲ್ಕು. ಮಂಚದ ನಾಲ್ಕು ಕಾಲುಗಳಲ್ಲಿ ಒಂದು ಕುಸಿದರೂ ಅದು ನಿಲ್ಲಲಾರದಂತೆ, ಈ ನಾಲ್ಕರಲ್ಲಿ ಒಂದು ಕೆಟ್ಟರೂ ಚಿಕಿತ್ಸೆಯು ನಿಲ್ಲಲಾರದು. ಪರಿಚಾರಕನಿಗೆ ಇರತಕ್ಕ ಗುಣಗಳನ್ನೂ ಆ ಗ್ರಂಥವು ನಾಲ್ಕಾಗಿಯೇ ಎಣಿಸಿದೆ: ಉಪಚಾರಜ್ಞತೆ, ದಾಕ್ಷ್ಯ, ಅನುರಾಗ ಮತ್ತು ಶೌಚ. ಇಲ್ಲಿ ವಿಚಾರವಂತರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಜ್ಞಾನವು ಮೊದಲನೆಯ ಸ್ಥಾನದಲ್ಲಿದೆ. ಅನುರಾಗವು ಮೂರನೆಯ ಸ್ಥಾನದಲ್ಲಿದೆ. ಮರುಕವಿದ್ದು ಅರಿವಿಲ್ಲದವನು ರೋಗಿಯ ಬಳಿ ನಿಂತರೆ ಒದಗುವ ಕೇಡನ್ನು ಪ್ರಾಚೀನರು ಬಲ್ಲವರಾಗಿದ್ದರು.

ಪ್ರಜ್ಞೆ ತಪ್ಪಿದವನ ಬಾಯಿಗೆ ನೀರು ಹೊಯ್ಯುವವರು, ಬೆನ್ನುಮೂಳೆಗೆ ಪೆಟ್ಟು ಬಿದ್ದವನನ್ನು ಕೈಕಾಲು ಹಿಡಿದೆತ್ತಿ ಸಿಕ್ಕಿದ ವಾಹನದಲ್ಲಿ ಮಡಚಿ ಕೂರಿಸುವವರು, ಹಾವು ಕಚ್ಚಿದ ಕಾಲಿಗೆ ಹಗ್ಗ ಬಿಗಿದು ಗಾಯವನ್ನು ಬ್ಲೇಡಿನಿಂದ ಕೊಯ್ಯುವವರು, ಇವರೆಲ್ಲರೂ ಮಾಡುವುದು ಪ್ರೀತಿಯಿಂದಲೇ. ಆದರೆ ಹೊಯ್ದ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಮುರಿದ ಎಲುಬು ನರದ ಹುರಿಯನ್ನು ಕತ್ತರಿಸುತ್ತದೆ. ಬಿಗಿದ ಹಗ್ಗ ಕಾಲನ್ನೇ ಕೊಳೆಯಿಸುತ್ತದೆ. ವೈದ್ಯನ ಬಳಿಗೆ ರೋಗಿಯು ತಲುಪುವುದಕ್ಕೆ ಮುನ್ನ ಕಳೆಯುವ ಅರ್ಧ ತಾಸೋ ಒಂದು ತಾಸೋ ಇಂಥ ಪ್ರೀತಿಗೆ ಒಪ್ಪಿಸಿಬಿಡತಕ್ಕದ್ದಲ್ಲ. ಆ ಹೊತ್ತಿನಲ್ಲಿ ವಿದ್ಯೆಯೇ ರೋಗಿಯಿದ್ದಲ್ಲಿಗೆ ಹೋಗಬೇಕು. ಹೀಗೆ ವಿದ್ಯೆಯನ್ನು ಹೊತ್ತು ಹೋಗುವವನೇ ಪ್ಯಾರಾಮೆಡಿಕ್, ಅಂದರೆ ತುರ್ತು ವೈದ್ಯಸಹಾಯಕ.

ನಮ್ಮಲ್ಲಿ ‘ಪ್ಯಾರಾಮೆಡಿಕಲ್’ ಎಂಬ ಮಾತಿಗೆ ಪ್ರಯೋಗಾಲಯದವರು, ಕ್ಷಕಿರಣ ವಿಭಾಗದವರು ಮುಂತಾದ ಎಲ್ಲರೂ ಸೇರುವ ವಿಶಾಲಾರ್ಥವಿದೆ. ಈ ಲೇಖನದಲ್ಲಿ ಆ ಮಾತನ್ನು ಆಂಬುಲೆನ್ಸಿನಲ್ಲಿ ರೋಗಿಯ ಪಕ್ಕದಲ್ಲಿ ಕುಳಿತು ಚಿಕಿತ್ಸೆ ನೀಡುವವನೆಂಬ ಸಂಕುಚಿತಾರ್ಥದಲ್ಲಿ ಗ್ರಹಿಸಲಾಗಿದೆ. ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ ಎಂಬ ಹೆಸರಿನಿಂದ 108 ಸೇವೆಯು ಆರಂಭವಾದಂದಿನಿಂದ ಆ ವಾಹನವನ್ನು ಕಾಣದ ಊರಿಲ್ಲ. ಆದರೆ ವಾಹನವು ಜನಕ್ಕೆ ಪರಿಚಿತವಾದಷ್ಟು ಅದರೊಳಗಿನ ವಿದ್ಯೆಯು ಪರಿಚಿತವಾಗಿಲ್ಲ. ‘ಗಾಡಿ ಬಂತು’ ಎನ್ನುವವರೇ ಹೆಚ್ಚು. ಗಾಡಿಯಲ್ಲಿ ಬಂದವನು ಏನನ್ನು ಕಲಿತು ಬಂದಿದ್ದಾನೆ ಎಂದು ಕೇಳುವವರು ವಿರಳ.

ವಿದ್ಯೆಯ ಉಗಮ

ಗಾಯಾಳುಗಳನ್ನು ರಣಭೂಮಿಯಿಂದ ಶೀಘ್ರವಾಗಿ ಸಾಗಿಸುವ ಹಗುರವಾದ ಕುದುರೆಗಾಡಿಗಳನ್ನು 18ನೆಯ ಶತಮಾನದ ಕೊನೆಯ ದಶಕದಲ್ಲಿ ಫ್ರೆಂಚ್ ಸೇನೆಯ ಶಸ್ತ್ರವೈದ್ಯ ಡೊಮಿನಿಕ್ ಜಾನ್ ಲಾರೆ ಏರ್ಪಡಿಸಿದನು. ಆದರೆ ಸಾಗಿಸುವುದೇ ಬೇರೆ, ಸಾಗಿಸುತ್ತ ಚಿಕಿತ್ಸೆ ಮಾಡುವುದೇ ಬೇರೆ. ಈ ಎರಡನೆಯದು 20ನೆಯ ಶತಮಾನದ ಉತ್ತರಾರ್ಧದ ಬೆಳೆ. 1950ರ ದಶಕದ ಕೊನೆಯಲ್ಲಿ ಪೀಟರ್ ಸಾಫರ್ ಎಂಬ ವೈದ್ಯರು ಬಾಯಿಂದ ಬಾಯಿಗೆ ಉಸಿರು ತುಂಬುವ ಕ್ರಮವನ್ನು ಪ್ರಯೋಗಗಳಿಂದ ಸಮರ್ಥಿಸಿದರು. 1960ರಲ್ಲಿ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಕೌವೆನ್‌ಹೋವೆನ್, ಜೂಡ್ ಮತ್ತು ನಿಕರ್‌ಬಾಕರ್ ಎಂಬ ಮೂವರು, ಎದೆಯನ್ನು ಸೀಳದೆ ಹೊರಗಿನಿಂದ ಒತ್ತಿಯೇ ರಕ್ತಸಂಚಾರವನ್ನು ನಡೆಸಬಹುದೆಂದು ಪ್ರಕಟಿಸಿದರು. 1966ರಲ್ಲಿ ಬೆಲ್‌ಫಾಸ್ಟ್ ನಗರದ ಫ್ರಾಂಕ್ ಪ್ಯಾಂಟ್ರಿಜ್ ಹೃದಯಕ್ಕೆ ವಿದ್ಯುದಾಘಾತ ನೀಡುವ ಯಂತ್ರವನ್ನು ವಾಹನಕ್ಕೇರಿಸಿ ರೋಗಿಯ ಮನೆಬಾಗಿಲಿಗೆ ಕಳುಹಿಸಿದರು.

ಈ ಬಿಡಿ ಬಿಡಿ ಶೋಧಗಳು ಒಂದು ಪಾಠಕ್ರಮವಾಗಿ ಕೂಡಿದ್ದು ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ. ಅಲ್ಲಿ ಆಗ ರೋಗಿಗಳನ್ನು ಪೊಲೀಸರ ವ್ಯಾನುಗಳಲ್ಲಿಯೂ ಶವಸಂಸ್ಕಾರ ಮಾಡಿಸುವ ಸಂಸ್ಥೆಗಳ ಗಾಡಿಗಳಲ್ಲಿಯೂ ಒಯ್ಯುತ್ತಿದ್ದರು. 1966ರ ನವೆಂಬರಿನಲ್ಲಿ, ಹಿಂದೆ ಪೆನ್ಸಿಲ್ವೇನಿಯಾ ರಾಜ್ಯದ ಗವರ್ನರ್ ಆಗಿದ್ದ ಡೇವಿಡ್ ಲಾರೆನ್ಸ್ ಸಭೆಯೊಂದರಲ್ಲಿ ಕುಸಿದು, ಪೊಲೀಸ್ ವಾಹನದಲ್ಲಿ ಆಸ್ಪತ್ರೆಗೆ ಸಾಗಿ, ಮತ್ತೆ ಎಚ್ಚರಗೊಳ್ಳದೆ ಅದೇ ತಿಂಗಳಲ್ಲಿ ತೀರಿಕೊಂಡರು. ಅದೇ ವರ್ಷ ಸಾಫರ್ ಅವರ ಎಳೆಯ ಮಗಳು ಉಬ್ಬಸದ ತೀವ್ರ ದಾಳಿಯಿಂದ ಮೃತಳಾಗಿದ್ದಳು. ಜಗತ್ತಿಗೆ ಉಸಿರು ತುಂಬುವುದನ್ನು ಕಲಿಸಿದವರ ಮನೆಯಲ್ಲಿಯೇ ಉಸಿರು ನಿಂತಿತ್ತು. 1967ರಲ್ಲಿ ಫ್ರೀಡಂ ಹೌಸ್ ಎಂಬ ಆಂಬುಲೆನ್ಸ್ ಸೇವೆಯು ಸ್ಥಾಪಿತವಾದಾಗ ಅದರ ಶಿಕ್ಷಣಕ್ರಮವನ್ನು ರೂಪಿಸಿದವರು ಸಾಫರ್ ಅವರೇ.

ಆ ಸೇವೆಗೆ ಸೇರಿದವರು ಹಿಲ್ ಡಿಸ್ಟ್ರಿಕ್ಟ್ ಎಂಬ ಬಡ ಬಡಾವಣೆಯ ಕಪ್ಪು ಜನಾಂಗದ ತರುಣರು. ಉದ್ಯೋಗವಿಲ್ಲದವರು, ಅವರಲ್ಲಿ ಕೆಲವರು ಪ್ರೌಢಶಾಲೆಯನ್ನೂ ಮುಗಿಸಿರಲಿಲ್ಲ. ಇವರಿಗೆ ಶರೀರರಚನೆ, ಶರೀರಕ್ರಿಯೆ, ಪುನಶ್ಚೇತನ ವಿಧಾನ, ವಾಹನಚಾಲನೆ ಎಲ್ಲವನ್ನೂ ಕಲಿಸಿ, ಆಸ್ಪತ್ರೆಯ ವಾರ್ಡುಗಳಲ್ಲಿ ಅಭ್ಯಾಸ ಮಾಡಿಸಿದರು. 1970ರ ದಶಕದಲ್ಲಿ ಅದರ ವೈದ್ಯಕೀಯ ನಿರ್ದೇಶಕಿಯಾದ ನ್ಯಾನ್ಸಿ ಕ್ಯಾರೊಲಿನ್ ಆ ಬೋಧನೆಯನ್ನು ವಿಸ್ತರಿಸಿದರು. ಅಮೆರಿಕದ ಪ್ರಥಮ ರಾಷ್ಟ್ರೀಯ ಪ್ಯಾರಾಮೆಡಿಕ್ ಪಠ್ಯಕ್ರಮವು ಅವರ ಕೈಯಲ್ಲಿ ರೂಪುಗೊಂಡಿತು. 1975ರಲ್ಲಿ ನಗರಾಡಳಿತವು ತನ್ನದೇ ಸೇವೆಯನ್ನು ಆರಂಭಿಸಿದಾಗ ಫ್ರೀಡಂ ಹೌಸ್ ಮುಚ್ಚಿಹೋಯಿತು. ಸಂಸ್ಥೆ ಅಳಿಯಿತು, ಪಾಠ ಉಳಿಯಿತು. ಶಾಲೆ ಬಿಟ್ಟ ಹುಡುಗನೆಂದು ಸಮಾಜವು ಕೈಬಿಟ್ಟವನು ಕ್ರಮವಾದ ಬೋಧನೆ ದೊರೆತರೆ ಎಂಥ ವಿದ್ಯೆಯನ್ನು ಕರಗತ ಮಾಡಿಕೊಳ್ಳಬಲ್ಲನೆಂಬುದಕ್ಕೆ ಉಪಾಧ್ಯಾಯವೃಂದವು ಸ್ಮರಿಸತಕ್ಕ ನಿದರ್ಶನವಿದು.

ಮೊದಲ ಪಾಠ: ಉಸಿರಿನ ದಾರಿ

ಈ ಪಠ್ಯದ ಕ್ರಮವು ಪುಸ್ತಕದ ಕ್ರಮವಲ್ಲ. ಪ್ರಾಣವು ಹೊರಡುವ ಕ್ರಮ. ಯಾವುದು ಬೇಗ ಕೊಲ್ಲುವುದೋ ಅದು ಮೊದಲ ಪಾಠ. ಉಸಿರು ನಿಂತರೆ ನಾಲ್ಕರಿಂದ ಆರು ನಿಮಿಷಗಳಲ್ಲಿ ಮಿದುಳಿಗೆ ಹಾನಿಯು ಆರಂಭವಾಗುತ್ತದೆ. ಆದುದರಿಂದ ಮುರಿದ ಕಾಲು ಎಷ್ಟೇ ಭೀಕರವಾಗಿ ಕಂಡರೂ ವಿದ್ಯಾರ್ಥಿಯ ಕಣ್ಣು ಮೊದಲು ಹೋಗಬೇಕಾದ್ದು ಬಾಯಿಗೆ ಮತ್ತು ಎದೆಗೆ. ರಕ್ತವು ಚಿಮ್ಮಿ ಹರಿಯುತ್ತಿರುವಾಗ ಮಾತ್ರ ಅದನ್ನು ಎಲ್ಲಕ್ಕಿಂತ ಮುಂಚೆ ತಡೆಯತಕ್ಕದ್ದು.

ಪ್ರಜ್ಞೆ ತಪ್ಪಿ ಅಂಗಾತ ಬಿದ್ದವನ ನಾಲಗೆಯು ಸಡಿಲಗೊಂಡು ಹಿಂದಕ್ಕೆ ಜಾರಿ ಗಂಟಲನ್ನು ಮುಚ್ಚುತ್ತದೆ. ಹಣೆಯನ್ನು ಹಿಂದಕ್ಕೆ ಒತ್ತಿ ಗಲ್ಲವನ್ನು ಮೇಲಕ್ಕೆತ್ತಿದರೆ ದಾರಿ ತೆರೆಯುತ್ತದೆ. ಕುತ್ತಿಗೆಗೆ ಪೆಟ್ಟಾಗಿರುವ ಶಂಕೆಯಿದ್ದರೆ ತಲೆಯನ್ನು ಬಾಗಿಸದೆ ಕೆಳದವಡೆಯನ್ನು ಮಾತ್ರ ಮುಂದಕ್ಕೆ ತಳ್ಳತಕ್ಕದ್ದು. ಔಷಧವಿಲ್ಲ, ಯಂತ್ರವಿಲ್ಲ, ಎರಡು ಕೈಗಳ ಈ ಕ್ರಿಯೆಯಿಂದಲೇ ಉಳಿದ ಜೀವಗಳು ಅನೇಕ.

ಉಸಿರಿನ ಸದ್ದನ್ನು ಕೇಳಿ ತಡೆಯಿರುವ ಸ್ಥಾನವನ್ನು ಗುರುತಿಸುವುದು ಮುಂದಿನ ಹಂತ. ಗೊರಕೆಯಂತಹ ಸದ್ದಿದ್ದರೆ ನಾಲಗೆ ಜಾರಿದೆ. ಗುಳುಗುಳು ಸದ್ದಿದ್ದರೆ ರಕ್ತವೋ ವಾಂತಿಯೋ ಜೊಲ್ಲೋ ತುಂಬಿದೆ, ಹೀರಿ ತೆಗೆಯಬೇಕು. ಉಸಿರೆಳೆಯುವಾಗ ಕೀರಲು ಸದ್ದು ಬಂದರೆ ಗಂಟಲಿನ ಮೇಲ್ಭಾಗ ಕಿರಿದಾಗಿದೆ. ಉಸಿರು ಬಿಡುವಾಗ ಸಿಳ್ಳಿನಂತಹ ಸದ್ದು ಬಂದರೆ ಶ್ವಾಸಕೋಶದೊಳಗಿನ ಕಿರುನಾಳಗಳು ಬಿಗಿದಿವೆ, ಉಬ್ಬಸದವರಲ್ಲಿ ಕೇಳುವುದು ಇದೇ. ತೀವ್ರವಾದ ಉಬ್ಬಸದಲ್ಲಿ ಈ ಸಿಳ್ಳು ಇದ್ದಕ್ಕಿದ್ದಂತೆ ನಿಂತರೆ ಅರಿಯದವನು ‘ಗುಣವಾಯಿತು’ ಎಂದು ಸಂತೋಷಪಡುತ್ತಾನೆ. ಅರಿತವನಿಗೆ ಎದೆ ನಡುಗುತ್ತದೆ. ಸದ್ದು ಮಾಡುವಷ್ಟು ಗಾಳಿಯೂ ಓಡಾಡುತ್ತಿಲ್ಲವೆಂಬುದು ಅದರ ಅರ್ಥ.

ಉಸಿರು ನಿಂತು ನಾಡಿ ಮಾತ್ರ ನಡೆಯುತ್ತಿರುವ ವಯಸ್ಕನಿಗೆ ಚೀಲ-ಮುಖವಾಡದಿಂದ ಆರು ಸೆಕೆಂಡಿಗೊಮ್ಮೆ, ಎದೆ ಮೇಲೇಳುವಷ್ಟು ಮಾತ್ರ, ಗಾಳಿಯನ್ನು ಒತ್ತಬೇಕು. ಗಾಬರಿಯಿಂದ ಪದೇ ಪದೇ ಒತ್ತಿದರೆ ಎದೆಯೊಳಗಿನ ಒತ್ತಡವೇರಿ ಹೃದಯಕ್ಕೆ ಮರಳುವ ರಕ್ತವು ಕಡಿಮೆಯಾಗುತ್ತದೆ. ಹೆಚ್ಚು ಕೊಟ್ಟರೆ ಹೆಚ್ಚು ಒಳಿತು ಎಂಬ ಲೋಕದ ಎಣಿಕೆಯು ಇಲ್ಲಿ ಸಲ್ಲದು.

ಎರಡನೆಯ ಪಾಠ: ರಕ್ತ ಮತ್ತು ಅದರ ಕೊರತೆ

ಪ್ರಾಪ್ತ ವಯಸ್ಕನ ದೇಹದಲ್ಲಿ ಸುಮಾರು ಐದು ಲೀಟರ್ ರಕ್ತವಿರುತ್ತದೆ. ಅಂಗಾಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿಯನ್ನು ವೈದ್ಯರು ‘ಶಾಕ್’ ಎನ್ನುತ್ತಾರೆ. ರಕ್ತ ಸೋರಿದಂತೆ ದೇಹವು ಸುಮ್ಮನಿರುವುದಿಲ್ಲ. ಚರ್ಮದ ನಾಳಗಳನ್ನು ಬಿಗಿದು ರಕ್ತವನ್ನು ಹೃದಯಕ್ಕೂ ಮಿದುಳಿಗೂ ತಿರುಗಿಸುತ್ತದೆ. ಆದುದರಿಂದ ಮೈ ಬಿಳಿಚಿ ತಣ್ಣಗಾಗಿ ಬೆವರುತ್ತದೆ. ಹೃದಯವು ಬೇಗ ಬೇಗ ಬಡಿಯುತ್ತದೆ. ಉಸಿರಾಟ ಏರುತ್ತದೆ. ಬಾಯಾರಿಕೆ, ಚಡಪಡಿಕೆ ತೋರುತ್ತವೆ. ಈ ಹೋರಾಟದಿಂದ ರಕ್ತದೊತ್ತಡವು ಬಹಳ ಹೊತ್ತು ಸಮವಾಗಿಯೇ ಇರುತ್ತದೆ. ಸುಮಾರು ಶೇಕಡ 30ರಷ್ಟು, ಅಂದರೆ ಒಂದೂವರೆ ಲೀಟರಿನಷ್ಟು ರಕ್ತ ಹೋದ ಮೇಲೆಯೇ ಅದು ಕುಸಿಯುವುದು.

ಇದರ ತಾತ್ಪರ್ಯವೇನು? ಒತ್ತಡದ ಅಂಕಿಯನ್ನು ಮಾತ್ರ ನೋಡಿ ‘ಸರಿಯಾಗಿದೆ’ ಎನ್ನುವವನು, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವನಾಗುತ್ತಾನೆ. ನಾಡಿಯ ವೇಗ, ಚರ್ಮದ ಬಣ್ಣ, ಮನಸ್ಸಿನ ಸ್ಥಿತಿ ಈ ಮೂರು ಮುಂಚಿತವಾಗಿ ನುಡಿಯುವ ಸಾಕ್ಷಿಗಳು. ಬೈಕಿನಿಂದ ಬಿದ್ದ ಯುವಕನು ಎದ್ದು ಕುಳಿತು ಮಾತನಾಡುತ್ತಿದ್ದರೂ, ನಾಡಿಯು ನಿಮಿಷಕ್ಕೆ 120 ದಾಟಿ ಮೈ ತಣ್ಣಗೆ ಬೆವರುತ್ತಿದ್ದರೆ, ಹೊಟ್ಟೆಯೊಳಗೆ ರಕ್ತ ಸೋರುತ್ತಿದೆಯೆಂದೇ ಭಾವಿಸಿ ನಡೆಯತಕ್ಕದ್ದು.

ಕೈಕಾಲುಗಳ ಗಾಯದಿಂದ ರಕ್ತ ಹರಿದರೆ ನೇರವಾಗಿ ಒತ್ತುವುದು ಪ್ರಥಮ ಉಪಾಯ; ಅದಕ್ಕೂ ನಿಲ್ಲದಿದ್ದರೆ ಗಾಯದ ಮೇಲ್ಭಾಗದಲ್ಲಿ, ಕೀಲನ್ನು ಬಿಟ್ಟು, ರಕ್ತಬಂಧದ ಪಟ್ಟಿಯನ್ನು ಬಿಗಿದು ಕಟ್ಟಿದ ಹೊತ್ತನ್ನು ಬರೆದಿಡಬೇಕು. ರಕ್ತ ಹೋದವನಿಗೆ ಲವಣದ್ರಾವಣವನ್ನು ಯಥೇಚ್ಛವಾಗಿ ಹರಿಸುವುದು ಈಗ ವಿಹಿತವಲ್ಲ. ಆ ನೀರು ಆಮ್ಲಜನಕವನ್ನು ಹೊರಲಾರದು. ಹೆಪ್ಪುಗಟ್ಟುವ ಶಕ್ತಿಯನ್ನು ತೆಳುವಾಗಿಸುತ್ತದೆ. ಟ್ರಾನೆಕ್ಸಾಮಿಕ್ ಆಮ್ಲವೆಂಬ ಔಷಧವು ಗಾಯವಾದ ಮೂರು ಗಂಟೆಗಳೊಳಗೆ ಕೊಟ್ಟರೆ ಸಾವನ್ನು ತಗ್ಗಿಸುತ್ತದೆಂಬುದು 2010ರಲ್ಲಿ ಪ್ರಕಟವಾದ ಬೃಹತ್ ಅಧ್ಯಯನದಿಂದ ಸಿದ್ಧಪಟ್ಟಿದೆ. ಮೈಯನ್ನು ಬೆಚ್ಚಗಿಡುವುದೂ ಚಿಕಿತ್ಸೆಯೇ. ತಣ್ಣಗಾದ ದೇಹದಲ್ಲಿ ರಕ್ತವು ಸರಿಯಾಗಿ ಹೆಪ್ಪುಗಟ್ಟುವುದಿಲ್ಲ.

ಮೂರನೆಯ ಪಾಠ: ಹೃದಯ

ಹೃದಯಾಘಾತವೂ ಹೃದಯಸ್ತಂಭನವೂ ಒಂದೇ ಎಂಬ ಭ್ರಮೆ ಜನರಲ್ಲಿದೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳವು ಮುಚ್ಚುವುದು ಹೃದಯಾಘಾತ. ಆಗ ರೋಗಿಯು ಎಚ್ಚರವಾಗಿದ್ದು ನೋವನ್ನು ಹೇಳಬಲ್ಲನು. ಹೃದಯವು ರಕ್ತವನ್ನು ತಳ್ಳುವುದೇ ನಿಂತುಹೋಗುವುದು ಹೃದಯಸ್ತಂಭನ. ಆಗ ಪ್ರಜ್ಞೆಯೂ ಇಲ್ಲ, ನಾಡಿಯೂ ಇಲ್ಲ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು.

ಸ್ತಂಭನದಲ್ಲಿ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಪ್ರತಿ ಒತ್ತಿನ ನಂತರ ಎದೆಯು ಪೂರ್ಣವಾಗಿ ಮೇಲೇಳಲು ಬಿಡಬೇಕು. 30 ಒತ್ತುಗಳಿಗೆ ಎರಡು ಉಸಿರು. ಹೃದಯದ ವಿದ್ಯುಲ್ಲೇಖವನ್ನು ಓದಿ, ಸ್ನಾಯುಗಳು ಅಂಕೆ ತಪ್ಪಿ ಅದುರುವ ಕಂಪನವಿದ್ದರೆ ವಿದ್ಯುದಾಘಾತ ಕೊಡುವುದು. ಗೆರೆಯು ಸಪಾಟಾಗಿದ್ದರೆ ಕೊಡತಕ್ಕದ್ದಲ್ಲ. ಚಲನಚಿತ್ರಗಳಲ್ಲಿ ಸಪಾಟು ಗೆರೆಗೇ ವಿದ್ಯುತ್ತು ಕೊಟ್ಟು ಬದುಕಿಸುವುದನ್ನು ತೋರಿಸುತ್ತಾರೆ. ಅದು ಶಾಸ್ತ್ರಕ್ಕೆ ವಿರುದ್ಧ. ಎದೆಯೊತ್ತುವವರಿಲ್ಲದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಂಭವವು ಶೇಕಡ 7ರಿಂದ 10ರಷ್ಟು ಕುಗ್ಗುತ್ತದೆ. ಆದುದರಿಂದ ವಾಹನ ಬರುವವರೆಗೆ ದಾರಿಹೋಕನೇ ಒತ್ತಲಾರಂಭಿಸಬೇಕು. ಅಪಘಾತದ ಸ್ಥಳದಲ್ಲಿ ಸದ್ಭಾವನೆಯಿಂದ ನೆರವಾದವನಿಗೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನಗಳ ಕಾಯಿದೆಯು ರಕ್ಷಣೆಯನ್ನೂ ಕೊಟ್ಟಿದೆ.

ಹೃದಯಾಘಾತದಲ್ಲಿ ಆಸ್ಪಿರಿನ್ ಮಾತ್ರೆಯನ್ನು ಅಗಿಸುವುದು ವಿಹಿತ; ರಕ್ತಸ್ರಾವವೋ ಒಗ್ಗದಿರುವಿಕೆಯೋ ಇದ್ದರೆ ನಿಷಿದ್ಧ. ನಾಲಗೆಯಡಿಯಲ್ಲಿಡುವ ನೈಟ್ರೇಟ್ ಮಾತ್ರೆಯು ನೋವನ್ನು ಕಳೆಯುತ್ತದೆ. ಒತ್ತಡ ತಗ್ಗಿದವನಿಗೆ, ಹೃದಯದ ಬಲಕೋಣೆಗೆ ಆಘಾತವಾದವನಿಗೆ, ಸಿಲ್ಡೆನಾಫಿಲ್ ಜಾತಿಯ ಮಾತ್ರೆಯನ್ನು ಇತ್ತೀಚೆಗೆ ಸೇವಿಸಿದವನಿಗೆ ಅದೇ ಮಾರಕವಾದೀತು. ವಿಧಿಯಷ್ಟೇ ನಿಷೇಧವನ್ನೂ ಬಲ್ಲವನು ಮಾತ್ರ ಔಷಧದ ಪೆಟ್ಟಿಗೆಯನ್ನು ತೆರೆಯಲು ಅಧಿಕಾರಿ. ಕರ್ನಾಟಕದಲ್ಲಿ 2023ರಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಆರಂಭವಾದ ಹೃದಯಜ್ಯೋತಿ ಯೋಜನೆಯು, ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳ ಮಟ್ಟಕ್ಕೆ ತಂದಿತು. ಅದರ ಫಲವು ರೋಗಿಯು ಎಷ್ಟು ಬೇಗ ಅಲ್ಲಿಗೆ ತಲುಪಿದನೆಂಬುದನ್ನು ಅವಲಂಬಿಸಿದೆ.

ನಾಲ್ಕನೆಯ ಪಾಠ: ಪ್ರಜ್ಞೆಯ ಅಳತೆ

ಪ್ರಜ್ಞೆಯನ್ನೂ ಅಳೆಯಲು ಬರುತ್ತದೆ. 1974ರಲ್ಲಿ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ನರಶಸ್ತ್ರವೈದ್ಯರು ಇದಕ್ಕೊಂದು ಮಾನವನ್ನು ರಚಿಸಿದರು. ಕಣ್ಣು ತೆರೆಯುವುದಕ್ಕೆ ನಾಲ್ಕು, ಮಾತಿಗೆ ಐದು, ಅಂಗಚಲನೆಗೆ ಆರು, ಒಟ್ಟು ಹದಿನೈದು ಅಂಕ. ಕನಿಷ್ಠ ಮೂರು. ಎಂಟಕ್ಕೆ ಇಳಿದವನು ತನ್ನ ಉಸಿರಿನ ದಾರಿಯನ್ನು ತಾನೇ ಕಾಯಲಾರನೆಂದು ತಿಳಿಯತಕ್ಕದ್ದು. ಒಂದು ಸಲ ಅಳೆದರೆ ಸಾಲದು. ಹದಿನಾಲ್ಕಿದ್ದದ್ದು ಅರ್ಧ ಗಂಟೆಯಲ್ಲಿ ಹನ್ನೊಂದಾಯಿತೆಂಬ ಇಳಿಕೆಯೇ ಮಿದುಳಿನೊಳಗಿನ ರಕ್ತಸ್ರಾವವನ್ನು ಸೂಚಿಸುತ್ತದೆ.

ಪ್ರಜ್ಞೆ ಮಸುಕಾದ ಪ್ರತಿಯೊಬ್ಬನ ರಕ್ತದ ಸಕ್ಕರೆಯನ್ನು ನೋಡಲೇಬೇಕು. ಸಕ್ಕರೆ ತಗ್ಗಿದವನು ತೊದಲುತ್ತಾನೆ, ತೂರಾಡುತ್ತಾನೆ, ಕೆಲವೊಮ್ಮೆ ಹೊಡೆಯಲೂ ಬರುತ್ತಾನೆ. ಕುಡಿದವನೆಂದು ಬಗೆದು ಅವನನ್ನು ಬದಿಗೆ ಮಲಗಿಸಿ ಹೋದರೆ ಅವನು ಏಳದೆ ಹೋಗಬಹುದು. ಹಾಗೆಯೇ ಮುಖ ಸೊಟ್ಟಗಾಗುವುದು, ಒಂದು ತೋಳು ಸೋಲುವುದು, ಮಾತು ತೊದಲುವುದು ಇವು ಲಕ್ವದ ಚಿಹ್ನೆಗಳು. ಹೆಪ್ಪಿನಿಂದಾದ ಲಕ್ವಕ್ಕೆ ಅದನ್ನು ಕರಗಿಸುವ ಔಷಧವನ್ನು ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುವುದರಿಂದ ‘ಇವರು ಕೊನೆಯ ಸಲ ಸರಿಯಾಗಿದ್ದುದು ಯಾವಾಗ?’ ಎಂಬ ಪ್ರಶ್ನೆಗೆ ಉತ್ತರವನ್ನು ಮನೆಯವರಿಂದ ಪಡೆದು ಬರೆದುಕೊಳ್ಳುವುದೇ ಬಹುದೊಡ್ಡ ಉಪಕಾರ.

ಐದನೆಯ ಪಾಠ: ಔಷಧದ ಗಣಿತ

ಅಡ್ರಿನಲಿನ್ ಔಷಧವು ಎರಡು ಪ್ರಮಾಣಗಳಲ್ಲಿ ಬಳಕೆಯಲ್ಲಿದೆ. ಸಾವಿರಕ್ಕೊಂದು ಎಂದರೆ ಸಾವಿರ ಮಿಲಿಲೀಟರಿನಲ್ಲಿ ಒಂದು ಗ್ರಾಂ, ಅಂದರೆ ಒಂದು ಮಿಲಿಲೀಟರಿನಲ್ಲಿ ಒಂದು ಮಿಲಿಗ್ರಾಂ. ಹತ್ತು ಸಾವಿರಕ್ಕೊಂದು ಎಂದರೆ ಒಂದು ಮಿಲಿಲೀಟರಿನಲ್ಲಿ ಮಿಲಿಗ್ರಾಮಿನ ಹತ್ತನೆಯ ಒಂದು ಭಾಗ. ಜೇನುಹುಳು ಕಡಿದೋ ಚುಚ್ಚುಮದ್ದು ಒಗ್ಗದೆಯೋ ಮೈಯೆಲ್ಲ ದದ್ದು ಎದ್ದು, ಗಂಟಲು ಬಿಗಿದು, ಒತ್ತಡ ಕುಸಿದ ವಯಸ್ಕನಿಗೆ ಸಾವಿರಕ್ಕೊಂದರ ದ್ರಾವಣದ ಅರ್ಧ ಮಿಲಿಲೀಟರನ್ನು ತೊಡೆಯ ಹೊರಬದಿಯ ಸ್ನಾಯುವಿಗೆ ಚುಚ್ಚಬೇಕು. ಹತ್ತು ಕಿಲೋ ತೂಕದ ಮಗುವಿಗೆ ಕಿಲೋಗೆ 0.01 ಮಿಲಿಗ್ರಾಮಿನಂತೆ 0.1 ಮಿಲಿಲೀಟರ್ ಮಾತ್ರ. ದಶಮಾಂಶದ ಚುಕ್ಕೆಯೊಂದು ಸ್ಥಾನ ತಪ್ಪಿದರೆ ಹತ್ತು ಪಟ್ಟು ಔಷಧವು ದೇಹಕ್ಕೆ ಹೋಗುತ್ತದೆ. ಏಳನೆಯ ತರಗತಿಯ ಗಣಿತವು ಇಲ್ಲಿ ಜೀವಮರಣಗಳ ಲೆಕ್ಕವಾಗುತ್ತದೆ.

ಆಮ್ಲಜನಕದ ಲೆಕ್ಕವೂ ಅಂತಹುದೇ. 1500 ಲೀಟರ್ ತುಂಬಿದ ಸಿಲಿಂಡರಿನಿಂದ ನಿಮಿಷಕ್ಕೆ ಹತ್ತು ಲೀಟರಿನಂತೆ ಬಿಟ್ಟರೆ 150 ನಿಮಿಷಕ್ಕೆ ಬರಿದಾಗುತ್ತದೆ. ಮಲೆನಾಡಿನ ಹಳ್ಳಿಯಿಂದ ದೂರದ ಜಿಲ್ಲಾಸ್ಪತ್ರೆಗೆ ಹೊರಡುವವನು ಈ ಭಾಗಾಕಾರವನ್ನು ಹೊರಡುವ ಮುನ್ನವೇ ಮಾಡಿ ಮುಗಿಸಿರಬೇಕು.

ಆರನೆಯ ಪಾಠ: ವಿಷ

ಕೃಷಿಪ್ರಧಾನವಾದ ನಾಡಿನಲ್ಲಿ ಎರಡು ವಿಷಗಳ ಪರಿಚಯವು ಅನಿವಾರ್ಯ. ಒಂದು ಹಾವಿನದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷವು ದೇಶದಲ್ಲಿ ತಯಾರಾಗುತ್ತದೆ. ನಾಗರ ಮತ್ತು ಕಟ್ಟುಹಾವಿನ ವಿಷವು ನರಗಳನ್ನು ಸೋಲಿಸುತ್ತದೆ. ರೆಪ್ಪೆ ಜೋಲುವುದು ಮೊದಲ ಸೂಚನೆ, ಉಸಿರಾಟದ ಸ್ನಾಯು ಸೋಲುವುದು ಕೊನೆಯದು. ಮಂಡಲಗಳ ವಿಷವು ರಕ್ತವನ್ನು ಹೆಪ್ಪುಗಟ್ಟಗೊಡದೆ ಸೋರಿಸುತ್ತದೆ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ನೋವಿಲ್ಲದೆ ಕಚ್ಚುವುದರಿಂದ, ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವನ ರೆಪ್ಪೆಯನ್ನು ನೋಡಬೇಕು. ಕಚ್ಚಿದ ಅಂಗವನ್ನು ಅಲುಗದಂತೆ ದಬ್ಬೆಕಟ್ಟಿ, ಉಂಗುರ ಬಳೆಗಳನ್ನು ತೆಗೆದು, ಧೈರ್ಯ ಹೇಳಿ, ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯತಕ್ಕದ್ದು. ರಕ್ತ ಚಿಮ್ಮುವ ಗಾಯದಲ್ಲಿ ಪ್ರಾಣ ಉಳಿಸುವ ಕಟ್ಟು ಇಲ್ಲಿ ಅಂಗವನ್ನು ಕೊಲ್ಲುತ್ತದೆ. ಆದರೆ ಊರವರು ಆಗಲೇ ಕಟ್ಟಿದ್ದರೆ ದಾರಿಯಲ್ಲಿ ಥಟ್ಟನೆ ಬಿಚ್ಚಬಾರದು, ತಡೆದಿದ್ದ ವಿಷವು ಒಮ್ಮೆಲೇ ನುಗ್ಗೀತು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು ಸ್ಮರಣೀಯ.

ಇನ್ನೊಂದು ಕೀಟನಾಶಕದ್ದು. ಆರ್ಗನೋಫಾಸ್ಫೇಟ್ ಜಾತಿಯ ವಿಷವನ್ನು ಕುಡಿದವನಲ್ಲಿ ಕಣ್ಣೀರು, ಜೊಲ್ಲು, ಬೆವರು, ಭೇದಿ ಎಲ್ಲವೂ ಹರಿಯುತ್ತವೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಕೊಲ್ಲುವುದು ಶ್ವಾಸನಾಳದಲ್ಲಿ ತುಂಬುವ ನೀರು. ವಾಂತಿ ಮಾಡಿಸಬಾರದು, ಉಪ್ಪುನೀರು ಹಾಲು ಕುಡಿಸಬಾರದು. ಕೈಗವಸು ತೊಟ್ಟು, ಬಟ್ಟೆ ತೆಗೆದು, ಮೈ ತೊಳೆದು, ಅಟ್ರೊಪಿನ್ ಔಷಧವನ್ನು ವೈದ್ಯರ ಆಜ್ಞೆಯಂತೆ ಐದೈದು ನಿಮಿಷಕ್ಕೆ ಇಮ್ಮಡಿಸುತ್ತ ಕೊಡಬೇಕು. ಎಲ್ಲಿಯವರೆಗೆ? ಪಾಪೆ ಅಗಲವಾಗುವವರೆಗಲ್ಲ; ಎದೆಯ ಗೊರಗೊರ ಸದ್ದು ಅಡಗಿ ಶ್ವಾಸಕೋಶವು ಒಣಗುವವರೆಗೆ, ನಾಡಿ ಮತ್ತು ಒತ್ತಡಗಳು ಚೇತರಿಸುವವರೆಗೆ.

ಏಳನೆಯ ಪಾಠ: ದಾರಿಯ ಹೆರಿಗೆ

ಆಂಬುಲೆನ್ಸಿನಲ್ಲಿ ಹುಟ್ಟಿದ ಕೂಸುಗಳ ಸುದ್ದಿಯನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದುತ್ತಾರೆ. ಆ ಸುದ್ದಿಯ ಹಿಂದೆಯೂ ಪಾಠವಿದೆ. ಹುಟ್ಟಿದ ಕೂಸನ್ನು ಮೊದಲು ಒರೆಸಿ ಒಣಗಿಸಿ ತಾಯಿಯ ಮೈಗೆ ಒತ್ತಿ ಬೆಚ್ಚಗಿಡಬೇಕು. ಅಳುವ ಕೂಸಿನ ಹೊಕ್ಕುಳಬಳ್ಳಿಯನ್ನು ಒಂದರಿಂದ ಮೂರು ನಿಮಿಷ ಕಾದು ಕತ್ತರಿಸಬಹುದು. ಒರೆಸಿ ಬೆನ್ನು ಉಜ್ಜಿದರೂ ಉಸಿರಾಡದ ಕೂಸಿಗೆ ಒಂದು ನಿಮಿಷದೊಳಗೆ ಕಿರುಚೀಲದಿಂದ ಉಸಿರು ಕೊಡಲೇಬೇಕು. ಕೂಸು ಬಂದೊಡನೆ ತಾಯಿಯನ್ನು ಮರೆಯಬಾರದು. ಅವಳಿಗೆ ಅರ್ಧ ಲೀಟರಿಗೂ ಮೀರಿ ರಕ್ತ ಹೋದರೆ ಅಪಾಯ. ಹತ್ತು ಯೂನಿಟ್ ಆಕ್ಸಿಟೋಸಿನ್ ಚುಚ್ಚುವುದು, ಮಾಸು ಬಿದ್ದ ಮೇಲೆ ಹೊಕ್ಕುಳ ಬಳಿ ಸಡಿಲವಾಗಿ ತೋರುವ ಗರ್ಭಕೋಶವನ್ನು ಅದು ಗಟ್ಟಿಯಾಗುವವರೆಗೆ ಉಜ್ಜುವುದು, ಇವು ಅವಳನ್ನು ಉಳಿಸುವ ಉಪಾಯಗಳು.

ಭಾಷೆಯೂ ಒಂದು ಉಪಕರಣ

ಈ ವಿದ್ಯೆಯಲ್ಲಿ ಭಾಷೆಗಿರುವ ಸ್ಥಾನವನ್ನು ಭಾಷೋಪಾಧ್ಯಾಯರು ವಿಶೇಷವಾಗಿ ಗಮನಿಸತಕ್ಕದ್ದು. ಪುಸ್ತಕದಲ್ಲಿ ‘ಎದೆನೋವು’ ಎಂದಿರುತ್ತದೆ, ರೋಗಿಯು ಹಾಗೆನ್ನುವುದಿಲ್ಲ. ‘ಎದೆ ಹಿಡಿದಂಗಾಗ್ತದೆ’, ‘ಎದಿ ಭಾರ ಆಗೇತಿ’, ‘ಒಳಗೊಳಗೇ ಸಂಕಟ’, ‘ವಾಯು ಆಗಿರಬೇಕು’ ಎನ್ನುತ್ತಾನೆ. ಸಕ್ಕರೆ ಕಾಯಿಲೆಯ ಮುದುಕಿಯು ನೋವೇ ಇಲ್ಲದೆ ‘ಸುಸ್ತು’ ಎಂದಷ್ಟೇ ಹೇಳಿದರೂ ಅದು ಹೃದಯಾಘಾತವೇ ಆಗಿರಬಹುದು. ನಾಡುನುಡಿಯ ಛಾಯೆಗಳನ್ನು ಬಲ್ಲವನಿಗೆ ರೋಗದ ಸುಳಿವು ಬೇಗ ಸಿಗುತ್ತದೆ. ಇನ್ನು ಕೇಳಬೇಕಾದ ಪ್ರಶ್ನೆಗಳನ್ನು ಮರೆಯದಿರಲು ವಿದ್ಯಾರ್ಥಿಗಳು ‘ಸ್ಯಾಂಪಲ್’ ಮುಂತಾದ ಅಕ್ಷರಸೂತ್ರಗಳನ್ನು ಕಂಠಪಾಠ ಮಾಡುತ್ತಾರೆ. ಲಕ್ಷಣ, ಒಗ್ಗದ ವಸ್ತು, ಸೇವಿಸುವ ಔಷಧ, ಹಿಂದಿನ ಕಾಯಿಲೆ, ಕೊನೆಯ ಊಟ, ಘಟನೆಯ ವಿವರ ಈ ಆರೂ ಆ ಒಂದು ಮಾತಿನಲ್ಲಿ ಅಡಗಿವೆ. ಗಣಗಳನ್ನು ಯಮಾತಾರಾಜಭಾನಸಲಗಂ ಎಂದು ನೆನಪಿಟ್ಟುಕೊಂಡ ಛಂದಸ್ಸಿನ ವಿದ್ಯಾರ್ಥಿಗೆ ಈ ಪದ್ಧತಿಯು ಹೊಸದೇನಲ್ಲ. ಕಡೆಗೆ, ಆಸ್ಪತ್ರೆಯ ಬಾಗಿಲಲ್ಲಿ ವೈದ್ಯರಿಗೆ ಅರ್ಧ ನಿಮಿಷದಲ್ಲಿ ಒಪ್ಪಿಸುವ ವರದಿಯು ಮಿತವಾದ, ಅಸಂದಿಗ್ಧವಾದ ಗದ್ಯರಚನೆಯ ಪರೀಕ್ಷೆಯೇ ಸರಿ.

ಪರೀಕ್ಷೆಯೆಂಬ ಒರೆಗಲ್ಲು

ಅಮೆರಿಕದಲ್ಲಿ 1970ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ನೋಂದಣಿ ಸಂಸ್ಥೆಯು ಈ ವೃತ್ತಿಗೆ ಪರೀಕ್ಷೆಗಳನ್ನು ನಡೆಸುತ್ತ ಬಂದಿದೆ. ಉಸಿರು, ಹೃದಯ, ಗಾಯ, ರೋಗ ಮತ್ತು ಪ್ರಸೂತಿ, ಸೇವಾನಿರ್ವಹಣೆ ಎಂಬುವು ಅದರ ವಿಭಾಗಗಳು. 2024ರ ಜುಲೈಯಿಂದ ಪ್ಯಾರಾಮೆಡಿಕ್ ಪರೀಕ್ಷೆಯಲ್ಲಿ ಚಿಕಿತ್ಸಾವಿವೇಚನೆಯೆಂಬುದು ಪ್ರತ್ಯೇಕ ವಿಭಾಗವಾಗಿ ಸೇರಿ, ಅದಕ್ಕೇ ಹೆಚ್ಚಿನ ಅಂಕಗಳು ಮೀಸಲಾದವು. ಎರಡು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಿಕೊಳ್ಳಬೇಕು. ಏಕೆಂದರೆ ಶಾಸ್ತ್ರವು ಬದಲಾಗುತ್ತದೆ. ನಿನ್ನೆ ವಿಹಿತವಾಗಿದ್ದ ಲವಣದ್ರಾವಣದ ಧಾರೆಯು ಇಂದು ಅವಿಹಿತವಾದುದನ್ನು ಮೇಲೆಯೇ ಕಂಡೆವು. ನಮ್ಮ ದೇಶದಲ್ಲಿ 2021ರಲ್ಲಿ ಅಂಗೀಕೃತವಾದ ಸಹಯೋಗಿ ಹಾಗೂ ಆರೋಗ್ಯಪಾಲನಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯು ತುರ್ತು ವೈದ್ಯಕೀಯ ತಂತ್ರಜ್ಞನ ವೃತ್ತಿಯನ್ನೂ ತನ್ನ ಅನುಸೂಚಿಯಲ್ಲಿ ಸೇರಿಸಿತು. ಆಳೆಂದು ಎಣಿಸಲ್ಪಡುತ್ತಿದ್ದವನಿಗೆ ವಿದ್ಯಾವಂತನ ಸ್ಥಾನವು ಶಾಸನದಲ್ಲಿ ದೊರೆತಂತಾಯಿತು. ಅದು ಲೋಕದೃಷ್ಟಿಯಲ್ಲಿಯೂ ದೊರೆಯಬೇಕಾಗಿದೆ.

ವಿವೇಚನೆಗೇಕೆ ಅಷ್ಟು ಪ್ರಾಶಸ್ತ್ಯ? ವಿಧಿಗಳನ್ನು ಒಪ್ಪಿಸಬಲ್ಲವನಿಗೂ, ಮಳೆಯ ರಾತ್ರಿಯಲ್ಲಿ, ಅಳುವ ಬಂಧುಗಳ ನಡುವೆ, ಟಾರ್ಚಿನ ಬೆಳಕಿನಲ್ಲಿ ಮುಂದಿರುವ ರೋಗಿಗೆ ಸಲ್ಲುವ ವಿಧಿ ಯಾವುದೆಂದು ಆರಿಸುವುದು ಕಷ್ಟ. ಎಷ್ಟು ಮಾಡಬೇಕೆಂಬುದರ ಜೊತೆಗೆ ಎಲ್ಲಿ ನಿಲ್ಲಬೇಕೆಂಬುದನ್ನೂ ಬಲ್ಲವನು ಉತ್ತಮ ಪರಿಚಾರಕ. ತನ್ನ ಅಧಿಕಾರದ ಎಲ್ಲೆಯನ್ನು ಮೀರದೆ, ದೂರವಾಣಿಯಲ್ಲಿ ವೈದ್ಯರ ಆದೇಶವನ್ನು ಪಡೆದು, ಕೇಳಿದ್ದನ್ನು ತಿರುಗಿ ಹೇಳಿ ಖಚಿತಪಡಿಸಿಕೊಂಡು ನಡೆಯುವುದು ಅವನ ಧರ್ಮ.

ಹೀಗೆ ನೋಡಿದರೆ ಚರಕಸಂಹಿತೆಯ ನಾಲ್ಕು ಗುಣಗಳೂ ಈ ವಿದ್ಯೆಯಲ್ಲಿ ಸಮಾವೇಶಗೊಂಡಿವೆ. ಮೇಲೆ ಹೇಳಿದ ಏಳು ಪಾಠಗಳು ಉಪಚಾರಜ್ಞತೆ. ಅವನ್ನು ಗಡಿಯಾರದ ಮುಳ್ಳಿನೊಡನೆ ಓಡುತ್ತ ಆಚರಿಸುವುದು ದಾಕ್ಷ್ಯ. ಕೈಗವಸು ತೊಡುವುದರಿಂದ ಹಿಡಿದು ಸುಳ್ಳು ವರದಿಯನ್ನು ಬರೆಯದಿರುವವರೆಗೆ ಶೌಚ. ಅನುರಾಗವೋ, ಇವೆಲ್ಲವನ್ನೂ ಗುರುತಿಲ್ಲದ ಒಬ್ಬನಿಗಾಗಿ ರಾತ್ರಿ ಎರಡು ಗಂಟೆಗೆ ಮಾಡುವುದರಲ್ಲಿಯೇ ಇದೆ.

ಜೀವಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕನ್ನಡ, ಇವೆಲ್ಲ ನಮ್ಮ ಪ್ರೌಢಶಾಲೆಗಳಲ್ಲಿ ನಿತ್ಯವೂ ಬೋಧಿಸಲ್ಪಡುವ ವಿಷಯಗಳೇ. ಶ್ವಾಸಾಂಗದ ಚಿತ್ರವನ್ನು ಕರಿಹಲಗೆಯ ಮೇಲೆ ಬರೆಯುವ ಉಪಾಧ್ಯಾಯರು, ಎದೆಯೊತ್ತುವ ಅಭ್ಯಾಸವನ್ನೂ ಒಂದು ಬೊಂಬೆಯ ಮೇಲೆ ಮಾಡಿಸಿದರೆ ಪಾಠವು ಸಾರ್ಥಕವಾದೀತು. ವಿದ್ಯಾದಾನಕ್ಕೆ ಕೊಡುಗೈಯಾದ ದಾನಿಗಳು ಅಂಥ ಬೊಂಬೆಯೊಂದನ್ನು ಶಾಲೆಗೆ ಒದಗಿಸಿದರೆ ಆ ದಾನದ ಫಲವು ಎಂದೋ ಒಂದು ದಿನ ಯಾರದೋ ಮನೆಯ ದೀಪವು ಆರದಂತೆ ಕಾದೀತು. ಹತ್ತನೆಯ ತರಗತಿಯ ಅಂಕಪಟ್ಟಿಯನ್ನು ಹಿಡಿದು ಮುಂದೇನೆಂದು ಚಿಂತಿಸುವ ಬಡ ವಿದ್ಯಾರ್ಥಿಗೆ ಈ ವೃತ್ತಿಯ ದಾರಿಯನ್ನು ತೋರಿಸುವುದು ಹಿರಿಯ ವಿದ್ಯಾರ್ಥಿಗಳ ಕರ್ತವ್ಯ. ಪಿಟ್ಸ್‌ಬರ್ಗಿನ ಶಾಲೆ ಬಿಟ್ಟ ತರುಣರು ಕಲಿತುದನ್ನು ಶಾಲೆಯಲ್ಲಿಯೇ ಇರುವ ನಮ್ಮ ಮಕ್ಕಳು ಕಲಿಯಲಾರರೆನ್ನಲು ಕಾರಣವಿಲ್ಲ.